ರಿವರ್ಸ್ ಗೇರಿಗೆ ಮುಂಚೆ

ಆ ಭಾನುವಾರ ನಾವು ಕಲ್ಯಾಣದ ಮಾರ್ಕೆಟ್ಟಿನಿಂದ ಜೋಳ ತಂದೆವು. ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ನನಗೆ ಆಗ ಓಡಿಸಲು ಬರುತ್ತಿರಲಿಲ್ಲ. ಅವಳ ಎಡಗಡೆ ಕೂತು, ತೊಡೆಯ ಮೇಲೆ ಮೆಂತ್ಯ ಸೊಪ್ಪಿನ ಕಟ್ಟುಗಳನ್ನು ಇಟ್ಟುಕೊಂಡು, ಹೊರಗೆ ನೋಡುತ್ತಿದ್ದೆ. ಮೆಟ್ರೋ ಕೆಲಸಕ್ಕೆಂದು ರಸ್ತೆಯ ನಡುವೆ ಎತ್ತರದ ತಗಡು ನಿಲ್ಲಿಸಿದ್ದರು. ಅದರ ಪಕ್ಕದಲ್ಲೇ ಗಾಡಿಗಳು ಒಂದರ ಬೆನ್ನಿಗೆ ಒಂದು ತೆವಳುತ್ತಿದ್ದವು. ಧೂಳಿನ ಮೇಲೆ ಸಂಜೆಯ ಬಿಸಿಲು ಬಿದ್ದು ಇಡೀ ರಸ್ತೆ ಅರಿಶಿನ ಕಲಸಿದ ನೀರಿನ ಹಾಗೆ ಕಾಣುತ್ತಿತ್ತು.

“ಎಂತ ಟ್ರಾಫಿಕ್ಕು ಮಾರಾಯ್ತಿ. ಟ್ರೇನಿನಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಚಾ ಕುಡಿದಾಗ್ತಿತ್ತು” ಎಂದೆ.

“ಇಳೀರಿ ಹಂಗಾರ. ಜೋಳದ ಚೀಲಾ ತಲಿ ಮ್ಯಾಲೆ ಇಟ್ಕೊಂಡು ಲೋಕಲ್ ಹತ್ರಿ. ನಾ ಪ್ಲಾಟ್‌ಫಾರ್ಮ್‌ನ್ಯಾಗ ನಿಂತು ಚಪ್ಪಾಳಿ ಹೊಡೀತೀನಿ” ಎಂದಳು.

ನಮ್ಮ ಮನೆಯಲ್ಲಿ ಎರಡು ಕನ್ನಡಗಳಿದ್ದವು. ನಾನು ಕಾರ್ಕಳದ ಕಡೆಯವನು; ತಾಯಿಯ ಜೊತೆ ತುಳು, ಉಳಿದವರ ಜೊತೆ ಶಾಲೆಯಲ್ಲಿ ಕಲಿತ ಕನ್ನಡ. ಅವಳ ತಂದೆ ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದು ಡೊಂಬಿವಲಿಯಲ್ಲಿ ನಿಂತವರು. ಒಂದೇ ಚಾಳಿನ ನಲ್ಲಿಯ ಮುಂದೆ ನಮ್ಮ ಪರಿಚಯವಾದದ್ದು. ಆಗಿನಿಂದಲೇ ಅವಳು ನನ್ನ ಮಾತಿಗೆ ನಗುತ್ತಿದ್ದಳು. “ನೀವು ಕೊಡಾ ಸರಸ್ರಿ ಅನ್ನೂದೂ ರೇಡಿಯೋದಾಗ ಸುದ್ದಿ ಓದಿದಂಗ ಇರತೈತಿ” ಎನ್ನುವಳು. ನಾನೂ ಬಿಡುತ್ತಿರಲಿಲ್ಲ. ಅವಳ ಮಾತಿನಲ್ಲಿ ಅರ್ಧ ಅಕ್ಷರ ಬಾಯೊಳಗೇ ಉಳಿಯುತ್ತದೆ, ಉಳಿದರ್ಧವನ್ನು ನಾವು ಊಹಿಸಿಕೊಳ್ಳಬೇಕು ಎನ್ನುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದೂ ನಾನು ಊಹಿಸಿಕೊಂಡೇ ಬದುಕಿದ್ದೆ. ಬಹುತೇಕ ಸರಿಯಾಗಿಯೇ ಊಹಿಸಿದ್ದೆ ಎಂದು ನಂಬಿದ್ದೆ.

ಕಾರು ಅವಳ ಕೆಲಸದ ಕಾರು. ನಾನು ಅಂಬರನಾಥದ ಕೈಗಾರಿಕಾ ಪ್ರದೇಶ ಎಂ.ಐ.ಡಿ.ಸಿ.ಯಲ್ಲಿ ರಟ್ಟಿನ ಡಬ್ಬ ಮಾಡುವ ಕಂಪೆನಿಯೊಂದರ ಸ್ಟೋರಿನಲ್ಲಿದ್ದೇನೆ. ಅವಳು ಮನೆಯಲ್ಲಿ ಕಟಕ ರೊಟ್ಟಿ ಮಾಡಿ, ಶೇಂಗಾ ಚಟ್ನಿ ಕುಟ್ಟಿ, ಐರೋಲಿ, ಖಾರ್ಘರದ ಕನ್ನಡದವರ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. ರೊಟ್ಟಿ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಪುಡಿಯಾಗುತ್ತದೆ. ಅದಕ್ಕೇ ಹಳೆಯ ಸಣ್ಣ ಕಾರೊಂದನ್ನು ಕೊಂಡೆವು, ಅವಳೇ ಓಡಿಸಲು ಕಲಿತಳು. ಬೂದಿ ಬಣ್ಣದ ಕಾರು. ಒಳಗೆ ಹುರಿದ ಎಳ್ಳಿನ ವಾಸನೆ ಯಾವಾಗಲೂ ಇರುತ್ತಿತ್ತು.

ನಮ್ಮ ಕಟ್ಟಡದಲ್ಲಿ ಕಾರು ನಿಲ್ಲಿಸಲು ನಮಗೆ ಸಿಕ್ಕಿದ ಜಾಗ ನೀರಿನ ಪಂಪಿನ ಕೋಣೆಗೂ ಕಾಂಪೌಂಡಿಗೂ ನಡುವಿನ ಸಂದು. ಹಿಮ್ಮುಖವಾಗಿಯೇ ಒಳಗೆ ಹೋಗಬೇಕು. ಮುಂದಕ್ಕೆ ನುಗ್ಗಿಸಿದರೆ ಬಾಗಿಲು ತೆರೆಯುವುದಿಲ್ಲ. ಆ ಸಂಜೆಯೂ ಅವಳು ಗೇಟಿನ ಒಳಗೆ ಬಂದು, ಕಾರನ್ನು ಓರೆಯಾಗಿ ನಿಲ್ಲಿಸಿ, ಕ್ಲಚ್ ಒತ್ತಿದಳು. ನಾನು ಏನೋ ಹೇಳುತ್ತಿದ್ದೆ. ಮೆಂತ್ಯದ ಸೊಪ್ಪಿನ ಬಗ್ಗೆಯೋ, ನಾಳೆಯ ಶಿಫ್ಟಿನ ಬಗ್ಗೆಯೋ.

“ನಿಂದರ್ರಿ” ಎಂದಳು.

ಅವಳ ಕಡೆ ನಿಂದರ್ರಿ ಎಂದರೆ ನಿಲ್ಲಿ, ತಡೆಯಿರಿ ಎಂದು. ರಿವರ್ಸ್ ಹಾಕುವ ಮುಂಚೆ ಪ್ರತಿ ಸಲವೂ ಮೆಲ್ಲಗೆ, ತನ್ನಷ್ಟಕ್ಕೆ ಎಂಬಂತೆ ಅವಳು ಹಾಗೆ ಹೇಳುವಳು. ನಾನು ಮಾತು ನಿಲ್ಲಿಸುವೆ. ಒಂದು ಉಸಿರಿನಷ್ಟು ಹೊತ್ತು ಕಾರಿನೊಳಗೆ ಏನೂ ಇರುವುದಿಲ್ಲ. ಆಮೇಲೆ ಗೇರು ಬೆಣ್ಣೆಯಲ್ಲಿ ಚಮಚ ಇಳಿದ ಹಾಗೆ ಬೀಳುವುದು. ಕಾರು ನಿಧಾನವಾಗಿ, ತೀರಾ ನಿಧಾನವಾಗಿ ಹಿಂದೆ ಸರಿದು ಸಂದಿನಲ್ಲಿ ಕೂರುವುದು. ಅವಳು ಕೀಲಿ ತಿರುಗಿಸಿ ನನ್ನ ಕಡೆ ನೋಡಿ, “ಹಾಂ, ಏನಂತಿದ್ರಿ?” ಎನ್ನುವಳು. ಅಷ್ಟರಲ್ಲಿ ನನಗೆ ಮರೆತುಹೋಗಿರುತ್ತಿತ್ತು.

ಅವತ್ತೂ ಮರೆತಿತ್ತು.

ಮಂಗಳವಾರ ನಾನು ಮೊದಲ ಶಿಫ್ಟಿಗೆ ಹೋಗಿದ್ದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ನೋಯುತ್ತಿದೆ ಎಂದು ಪಕ್ಕದ ಮನೆಯವರನ್ನು ಕರೆದಳಂತೆ. ಅವರು ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದಳಂತೆ. ನಾನು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು. ತಲೆಯೊಳಗೆ ನರ ಒಡೆದಿದೆ, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದರು. ಅವಳ ಮುಂಗೈಯಲ್ಲಿ ಜೋಳದ ಹಿಟ್ಟು ಒಣಗಿ ಬಿಳಿಯಾಗಿತ್ತು.

ಆಮೇಲಿನ ತಿಂಗಳುಗಳನ್ನು ನಾನು ಕ್ರಮವಾಗಿ ಹೇಳಲಾರೆ. ನೀರಿನೊಳಗಿಂದ ನೋಡಿದ ಹಾಗೆ ನೆನಪಿವೆ. ಮಕ್ಕಳಿಲ್ಲದ ಮನೆ, ಬಂದವರು ಹೋದರು. ಶಿಫ್ಟಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಒಮ್ಮೆ ಡೊಂಬಿವಲಿಯಲ್ಲಿ ಇಳಿಯುವುದನ್ನು ಮರೆತು ಕೂತೇ ಇದ್ದೆ. ಮುಂಬ್ರಾದ ಗುಡ್ಡ ಬಂತು, ಸಮುದ್ರ ಒಳಗೆ ಚಾಚಿದ ಖಾಡಿಯ ಹಿನ್ನೀರು ಬಂತು. ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಒಂದು ಬಿಳಿ ಹಕ್ಕಿ ಒಂದೇ ಕಾಲಿನಲ್ಲಿ ನಿಂತಿತ್ತು. ರೈಲು ಅದನ್ನು ದಾಟಿ ಹೋದ ಮೇಲೂ ನನಗೆ ಅದೇ ಕಾಣುತ್ತಿತ್ತು. ಠಾಣೆಯಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಎಲ್ಲಿಗೆ ಹೋಗಬೇಕಿತ್ತು ಎಂದು ಯೋಚಿಸಿದೆ. ಎಲ್ಲಿಗೂ ಹೋಗಬೇಕಿರಲಿಲ್ಲ.

ಕಾರು ಸಂದಿನಲ್ಲೇ ನಿಂತಿತ್ತು. ಬಾದಾಮಿ ಮರದ ಕೆಂಪು ಎಲೆಗಳು ಅದರ ಮೇಲೆ ಬಿದ್ದು ಅಂಟಿಕೊಂಡಿದ್ದವು. ರಜೆಯ ಮಧ್ಯಾಹ್ನಗಳಲ್ಲಿ ನಾನು ಕೆಳಗಿಳಿದು ಕಾರಿನೊಳಗೆ ಕೂರುತ್ತಿದ್ದೆ, ನನ್ನ ಎಡಗಡೆಯ ಸೀಟಿನಲ್ಲೇ. ಕಿಟಕಿ ಏರಿಸಿಕೊಂಡರೆ ಹೊರಗಿನ ಸದ್ದು ದೂರವಾಗುತ್ತಿತ್ತು. ಪಂಪು ಚಾಲೂ ಆದಾಗ ಕಾರಿನ ಗಾಜುಗಳು ಸಣ್ಣಗೆ ನಡುಗುತ್ತಿದ್ದವು. ಕಣ್ಣು ಮುಚ್ಚಿದರೆ ಎಲ್ಲಿಗೋ ಹೋಗುತ್ತಿದ್ದೇವೆ ಎನಿಸುತ್ತಿತ್ತು. ಎಳ್ಳಿನ ವಾಸನೆ ಇನ್ನೂ ಇತ್ತು. ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ನಾನು ಬಾಗಿಲನ್ನು ಬೇಗ ಬೇಗ ಮುಚ್ಚಿಕೊಳ್ಳಲು ಕಲಿತೆ.

ಕಟ್ಟಡದವರು ಕೆಟ್ಟವರಲ್ಲ. ಆದರೆ ಜಾಗಕ್ಕೆ ಕಾಯುವವರಿದ್ದರು. ಮೇಲಿನ ಮಹಡಿಯ ಗೃಹಸ್ಥರು ಒಂದು ದಿನ ಕಿಟಕಿಗೆ ಬಗ್ಗಿ, “ಕಾಕಾ, ಗಾಡಿ ಚಲಾನೇ ಕಾ ನಹೀಂ ತೋ ಬೇಚ್ ಡಾಲೋ ನಾ. ಖಡೀ ಖಡೀ ಸಡ್ ಜಾಯೇಗೀ” ಎಂದರು. ಓಡಿಸದಿದ್ದರೆ ಮಾರಿಬಿಡಿ, ನಿಂತಲ್ಲೇ ಕೊಳೆಯುತ್ತದೆ ಎಂದು. ನನಗೆ ಸಿಟ್ಟು ಬರಲಿಲ್ಲ. ಕೊಳೆಯುತ್ತದೆ ಎನ್ನುವುದು ನಿಜವಾಗಿತ್ತು. ಅವಳ ಸೀರೆಗಳನ್ನು ಅವಳ ತಂಗಿ ಒಯ್ದಿದ್ದಳು, ತವೆಯನ್ನು ಯಾರಿಗೋ ಕೊಟ್ಟಿದ್ದೆ. ಅವಳು ಕೈಯಾರೆ ನಡೆಸಿದ್ದ ಒಂದು ವಸ್ತು ಇನ್ನೂ ನಡೆಯುವ ಸ್ಥಿತಿಯಲ್ಲಿ ಉಳಿದಿದ್ದರೆ ಅದು ಈ ಕಾರು ಮಾತ್ರ. ಅದು ನಡೆಯುತ್ತಲೇ ಇರಬೇಕು ಎಂದು ನನಗೆ ಅನಿಸಿತು. ಮರುದಿನವೇ ಸ್ಟೇಷನ್ ಹತ್ತಿರದ ಡ್ರೈವಿಂಗ್ ಸ್ಕೂಲಿನಲ್ಲಿ ಹೆಸರು ಕೊಟ್ಟೆ.

ಆ ಸ್ಕೂಲಿನ ಕಾರು ಹೊಸದು. ಕಲಿಸುವವನು ಅವಸರದವನು. “ಕ್ಲಚ್ ದಬಾವ್, ಗೇರ್ ಡಾಲ್, ಛೋಡ್” ಎಂದು, ಒತ್ತು, ಹಾಕು, ಬಿಡು ಎಂಬ ಮೂರೂ ಮಾತನ್ನು ಒಂದೇ ಉಸಿರಿಗೆ ಹೇಳುವನು. ನಾನೂ ಒಂದೇ ಉಸಿರಿಗೆ ಮಾಡಲು ಕಲಿತೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವ ಮುಂಚೆ ಎಲ್ಲ ಮುಗಿಯಬೇಕು, ಈ ಊರಿನಲ್ಲಿ ಅದೇ ಮುಖ್ಯ ಎಂದು ಅವನ ಮತ.

ಲೈಸೆನ್ಸ್ ಸಿಕ್ಕಿದ ಮೇಲೆ ಬ್ಯಾಟರಿ ಬದಲಾಯಿಸಿ, ಟೈರಿಗೆ ಗಾಳಿ ತುಂಬಿಸಿ, ಬಾದಾಮಿ ಎಲೆಗಳನ್ನು ತೊಳೆದು, ಅವಳ ಸೀಟಿನಲ್ಲಿ ಕೂತೆ. ಸೀಟನ್ನು ಹಿಂದಕ್ಕೆ ಸರಿಸಬೇಕಾಯಿತು. ಅದೊಂದು ಕೆಲಸ ಮಾಡಲು ನನಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಗೇಟಿನ ಹೊರಗೆ ಹೋಗಿ, ಕೆರೆಯ ತನಕ ಒಂದು ಸುತ್ತು ಹಾಕಿ ಬಂದೆ. ಮುಂದಿನ ಗೇರುಗಳೆಲ್ಲ ಒಂದರ ಹಿಂದೆ ಒಂದು ಬಿದ್ದವು. ಕಾರು ನನ್ನನ್ನು ಗುರುತು ಹಿಡಿಯಿತು ಎಂದು ಹಿಗ್ಗಿದೆ.

ಸಂದಿನ ಮುಂದೆ ಓರೆಯಾಗಿ ನಿಲ್ಲಿಸಿ ಕ್ಲಚ್ ಒತ್ತಿದೆ, ರಿವರ್ಸಿಗೆ ತಳ್ಳಿದೆ.

ಕರ್ರ್ ಎಂದಿತು.

ಕಲ್ಲು ಕಡಿದ ಹಲ್ಲಿನ ಸದ್ದು. ಕಾಲಿನಿಂದ ಬೆನ್ನು ಹುರಿಗೆ ಹತ್ತಿತು. ಕೈ ತೆಗೆದುಬಿಟ್ಟೆ. ಇಷ್ಟು ವರ್ಷಗಳಲ್ಲಿ ಈ ಕಾರಿನಿಂದ ಆ ಸದ್ದು ಬಂದದ್ದನ್ನು ನಾನು ಕೇಳಿರಲಿಲ್ಲ. ಮತ್ತೆ ತಳ್ಳಿದೆ, ಮತ್ತೆ ಕರ್ರ್. ಇನ್ನೊಮ್ಮೆ ಜೋರಾಗಿ ತಳ್ಳಿದಾಗ ಗುದ್ದಿದ ಹಾಗೆ ಬಿತ್ತು. ಕಾರು ಹಿಂದೆ ಹೋಯಿತು. ಮೇಲಿನ ಮಹಡಿಯ ಕಿಟಕಿ ತೆರೆದುಕೊಂಡಿತು. ನಾನು ತಲೆ ಎತ್ತಲಿಲ್ಲ.

ಅಂದಿನಿಂದ ಆ ಸದ್ದು ನನ್ನ ಕನಸಿಗೆ ಬರತೊಡಗಿತು. ಕನಸಿನಲ್ಲಿ ಅವಳು ರೊಟ್ಟಿ ಬಡಿಯುತ್ತಿರುವಳು, ಅಂಗೈಯ ಸದ್ದು ಪಟಪಟ ಎಂದು ಇಂಪಾಗಿ ಬರುತ್ತಿರುವುದು. ನಾನು ಹತ್ತಿರ ಹೋದೊಡನೆ ಅದು ಕರ್ರ್ ಎಂದು ಬದಲಾಗುವುದು. ಅವಳು ಕೈ ನಿಲ್ಲಿಸಿ ಹಿಟ್ಟನ್ನು ನೋಡುವಳು, ನನ್ನನ್ನಲ್ಲ.

ಶಿಳ್ ಫಾಟಾದ ಕಡೆ, ಮುಂಬ್ರಾದ ಗುಡ್ಡ ಕಾಣುವಲ್ಲಿ, ಕಲಬುರ್ಗಿ ಕಡೆಯ ಒಬ್ಬ ಮೇಸ್ತ್ರಿಯ ಗ್ಯಾರೇಜು ಇದೆ. ಅವಳು ಆಯಿಲ್ ಬದಲಿಸಲು ಅಲ್ಲಿಗೇ ಹೋಗುತ್ತಿದ್ದಳು. ಕನ್ನಡದಲ್ಲಿ ಜಗಳ ಆಡಬಹುದು ಎನ್ನುವುದೇ ಕಾರಣ. ಮೇಸ್ತ್ರಿ ನನ್ನನ್ನು ನೋಡಿದ, ಡ್ರೈವರ್ ಸೀಟಿನಿಂದ ಇಳಿಯುತ್ತಿರುವುದನ್ನು ನೋಡಿದ, ವಿಷಯ ತಿಳಿದಿತ್ತೋ ಏನೋ, ಮುಂದೆ ಏನೂ ಕೇಳಲಿಲ್ಲ.

“ಎಲ್ಲಾ ಗೇರಿಗೂ ಸದ್ದ್ ಬರ್ತದೇನ್ರೀ, ಬರೇ ರಿವರ್ಸಿಗಿ?”

“ರಿವರ್ಸಿಗೆ ಮಾತ್ರ.”

ಇಂಜಿನ್ ಬಂದ್ ಮಾಡಿ ರಿವರ್ಸ್ ಹಾಕಿ ನೋಡಿದ. ಸದ್ದಿಲ್ಲದೆ ಬಿತ್ತು. “ಇದು ಛಲೋ ಅದ. ಗೇರ್ ಹಾಕೋ ಸಳಿ ಎಲ್ಲೂ ಬಾಗಿಲ್ಲ” ಎಂದ. ಇಂಜಿನ್ ಚಾಲೂ ಮಾಡಿ ಹಾಕಿದ. ಕರ್ರ್ ಎಂದಿತು. ಅವನ ಕೈಯಲ್ಲೂ ಬಂತಲ್ಲ ಎಂದು ನನಗೆ ಒಂದು ಕೆಟ್ಟ ಸಮಾಧಾನ ಆಯಿತು. ಕ್ಲಚ್ಚಿನ ಪೆಡಲನ್ನು ಕೈಯಿಂದ ಒತ್ತಿ ಒತ್ತಿ ನೋಡಿ, ಬಾನೆಟ್ ಎತ್ತಿ, ಕೆಳಗೆ ಬಗ್ಗಿದ.

“ಕ್ಲಚ್ ಪೂರಾ ಬಿಡವಲ್ದು. ನಿಂತ ಗಾಡಿ, ಕೇಬಲ್ ಸಡಲಾಗ್ಯಾದ. ನೀವು ಕಾಲೂರಿದ್ರೂ ಒಳಗ ಇಂಜಿನ್ನು ಗೇರಿನ ಕೈ ಹಿಡ್ಕೊಂಡೇ ಇರ್ತದ. ಕೈ ಬಿಡಸಬೇಕು.”

ಕೇಬಲ್ ಬಿಗಿ ಮಾಡಿದ. ಮೂಲೆಯಲ್ಲಿ ಕಾರನ್ನು ಹಿಂದೆ ಮುಂದೆ ಒಯ್ದು ತೋರಿಸಿದ. ಸದ್ದು ಇರಲಿಲ್ಲ. ನನಗೆ ಅಳು ಬಂದಂತಾಗಿ, ಗುಡ್ಡದ ಕಡೆ ನೋಡುತ್ತ ನಿಂತೆ.

ಮನೆಗೆ ಬಂದು ಸಂದಿನ ಮುಂದೆ ರಿವರ್ಸ್ ಹಾಕಿದೆ. ಕರ್ರ್ ಎಂದಿತು. ಮೊದಲಿಗಿಂತ ಸಣ್ಣದು. ಆದರೂ ಅದೇ.

ಕೆಲವು ದಿನ ನೋಡಿದೆ. ಹೆಚ್ಚು ಸಲ ಬರುತ್ತಿತ್ತು, ಅಪರೂಪಕ್ಕೆ ಬರುತ್ತಿರಲಿಲ್ಲ. ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ತಿಳಿಯದು. ನಿಧಾನವಾಗಿ ನನಗೊಂದು ಮೂಢ ನಂಬಿಕೆ ಬೆಳೆಯಿತು. ಕಾರಿಗೆ ನನ್ನ ಕೈ ಒಗ್ಗುತ್ತಿಲ್ಲ ಎಂದು. ದನ ಅಪರಿಚಿತರಿಗೆ ಹಾಲು ಕೊಡುವುದಿಲ್ಲವಲ್ಲ, ಹಾಗೆ. ಮೇಸ್ತ್ರಿಗೆ ಫೋನ್ ಮಾಡಿದೆ.

“ಕೇಬಲ್ ಸರಿ ಮಾಡಿದ ಮ್ಯಾಲೂ ಸದ್ದ್ ಬರ್ತದಂದ್ರ ಒಳಗ ಹಲ್ಲ್ ಹೋಗ್ಯಾವ್ರೀ” ಎಂದ. “ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಹಳೀ ಮಾಡೆಲ್, ಸಾಮಾನು ಸಿಗೂದು ಕಠಿಣ. ನಾ ಖರೇ ಹೇಳ್ತೀನ್ರೀ, ಇದಕ್ಕ ಬಿಚ್ಚೂದು ಬ್ಯಾಡ. ನನ್ನ ದೋಸ್ತ್ ಒಬ್ಬಂವ ಇದೇ ಗಾಡಿ ಹುಡುಕ್ಲತ್ತಾನ, ಸಾಮಾನಿಗಿ. ಕೊಟ್ಟುಬಿಡ್ರಿ.”

ಸಾಮಾನಿಗೆ ಎಂದರೆ ಬಿಚ್ಚಿ, ಬೇರೆ ಬೇರೆ ಕಾರುಗಳಿಗೆ ಹಂಚಲು. ಬಾಗಿಲು ಒಂದಕ್ಕೆ, ದೀಪ ಇನ್ನೊಂದಕ್ಕೆ. ಒಂದು ವಾರ ಪೂರ್ತಿ ರಿವರ್ಸ್ ಹಾಕದೆ, ಕಾರನ್ನು ರಸ್ತೆಯಲ್ಲೇ ನಿಲ್ಲಿಸಿದೆ; ಕಟ್ಟಡದವರು ನನ್ನ ಸಂದಿನಲ್ಲಿ ಸ್ಕೂಟರು ನಿಲ್ಲಿಸಲು ಶುರು ಮಾಡಿದರು. ಕೊನೆಗೆ ಮೇಸ್ತ್ರಿಗೆ, ಸೋಮವಾರ ಬಂದು ಒಯ್ಯಲು ಹೇಳಿ ಎಂದೆ.

ಅವಳ ತಂಗಿ ಬದಲಾಪುರದಲ್ಲಿದ್ದಾಳೆ. ಅವಳಿಗೂ ಹೇಳಬೇಕಲ್ಲ ಎಂದು ಫೋನ್ ಮಾಡಿದೆ. ಅವರ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತಾರೆ. “ಕೊಡೂ ಮುಂಚೆ ನಾ ಒಮ್ಮೆ ಅಕ್ಕನ ಗಾಡ್ಯಾಗ ಕೂಡ್ತೀನ್ರಿ ಮಾಮಾ” ಎಂದಳು. ಭಾನುವಾರ ಬೆಳಿಗ್ಗೆ ಲೋಕಲ್ಲಿನಲ್ಲಿ ಬಂದಳು. ನಾನು ಅವಳನ್ನು ಕಾರಿನಲ್ಲಿ ವಾಪಸು ಬದಲಾಪುರಕ್ಕೆ ಬಿಟ್ಟು ಬರುವುದೆಂದು ಮಾತಾಯಿತು.

ಚಳಿಗಾಲದ ಬೆಳಗು. ಅಂಬರನಾಥ ದಾಟಿದ ಮೇಲೆ ಮಂಜು ಇತ್ತು. ಎರಡೂ ಕಡೆ ಅರ್ಧ ಕಟ್ಟಿದ ಎತ್ತರದ ಕಟ್ಟಡಗಳು, ಮೇಲಿನ ಮಹಡಿಗಳು ಮಂಜಿನೊಳಗೆ ಕರಗಿಹೋಗಿ, ಕೆಳಗಿನವು ಮಾತ್ರ ಕಾಣುತ್ತಿದ್ದವು. ಅವಳು ಎಡಗಡೆಯ ಸೀಟಿನಲ್ಲಿ ಕೂತು, ಮುಂದಿನ ಸಣ್ಣ ಖಾನೆ ತೆರೆದು, ಅದರಲ್ಲಿದ್ದ ಒಂದು ಹೇರ್‌ಪಿನ್ ತೆಗೆದು ತನ್ನ ಕೂದಲಿಗೆ ಸಿಕ್ಕಿಸಿಕೊಂಡಳು. ಆ ರಸ್ತೆ ಮುಗಿಯದೆ ಇದ್ದರೆ ಚೆನ್ನಾಗಿತ್ತು.

ಅವಳ ಮನೆಯ ಗಲ್ಲಿ ಮುಂದೆ ಮುಚ್ಚಿಕೊಂಡಿದೆ. ಹಿಂದೆ ಬಂದೇ ತಿರುಗಿಸಬೇಕು. ಕಾರು ನಿಲ್ಲಿಸಿ, “ಇದರ ಸದ್ದು ಕೇಳು, ಆಗ ನಿನಗೇ ಗೊತ್ತಾಗ್ತದೆ ಯಾಕೆ ಕೊಡ್ತಿದ್ದೇನೆ ಅಂತ” ಎಂದು ಹೇಳಿ, ಕ್ಲಚ್ ಒತ್ತಿ, ರಿವರ್ಸಿಗೆ ತಳ್ಳಿದೆ. ಕರ್ರ್.

“ಅಯ್ಯಯ್ಯ, ಏನ್ ಅವಸರರೀ ಮಾಮಾ! ನಿಂದರ್ಲಿ ತಡೀರಿ!”

ನಾನು ಕೈ ಹಿಂದೆ ತೆಗೆದೆ. “ನೀನೂ ಥೇಟು ಅಕ್ಕನ ಹಾಗೆ ಹೇಳ್ತೀ. ಗೇರು ಹಾಕುವಾಗ ನಾನು ಮಾತೇ ಆಡಲಿಲ್ಲವಲ್ಲ.”

“ಮಾತಾಡೂದಕ್ಕೂ ಇದಕ್ಕೂ ಏನ್ ಸಂಬಂಧ?”

“ರಿವರ್ಸ್ ಹಾಕುವಾಗೆಲ್ಲ ಅವಳು ನಿಂದರ್ರಿ ಅಂತಿದ್ದಳು. ನಾನು ಬಾಯಿ ಮುಚ್ಚಿಕೊಳ್ತಿದ್ದೆ.”

ಅವಳು ನನ್ನ ಮುಖವನ್ನೇ ನೋಡಿದಳು.

“ನಿಂದರ್ರಿ ಅಲ್ಲರೀ. ನಿಂದರ್ಲಿ. ನಿಮಗಲ್ಲ, ಗೇರಿಗೆ!”

“ಗೇರಿಗೆ?”

“ಹೂಂನ್ರಿ. ಕ್ಲಚ್ ಒತ್ತಿದ ಕೂಡ್ಲೆ ಒಳಗಿಂದು ನಿಂದರೂದಿಲ್ಲ, ತಿರಗತಿರತೈತಿ. ಅದು ನಿಂದರ್ಲಿ, ಆಮ್ಯಾಲೆ ಹಾಕು ಅಂತ ನನಗೂ ಇದೇ ಗಾಡ್ಯಾಗ ಕಲಿಸ್ಯಾಳ. ಹೇಳ್ಕೋತ ಹೇಳ್ಕೋತ ಆಕಿಗೆ ರೂಢಿ ಆಗಿತ್ತು. ಕೈಯಾಗಿನ ಹಿಟ್ಟಿಗೂ ಮಾತಾಡ್ತಿದ್ಲಲ್ಲ, ಹಂಗ.”

ನಿಂದರ್ರಿ ಎಂದರೆ ನೀವು ನಿಲ್ಲಿ. ನಿಂದರ್ಲಿ ಎಂದರೆ ಅದು ನಿಲ್ಲಲಿ. ಕೊನೆಯ ಒಂದು ಅಕ್ಷರ. ಬಾಯೊಳಗೇ ಉಳಿಯುತ್ತದೆ ಎಂದು ನಾನು ಅಣಕಿಸುತ್ತಿದ್ದ ಅರ್ಧ.

ಅವಳಿಗೆ ನಗು ಬಂತು. ಸೆರಗು ಬಾಯಿಗೆ ಇಟ್ಟುಕೊಂಡಳು, ಆದರೂ ನಿಲ್ಲಲಿಲ್ಲ. “ಅಯ್ಯೋ ನಮ್ಮಪ್ಪ, ಅದಕ್ಕ ಸುಮ್ನಾಗ್ತಿದ್ರೇನು ನೀವು? ಅಕ್ಕ ಏನ್ ಅಂತಿದ್ಲು ಗೊತ್ತೈತೇನ್ರಿ? ‘ನಿಮ್ಮ ಮಾಮಾಗ ಗಾಡಿ ಹಿಂದ ಹೋದ್ರ ಅಂಜಿಕಿ ನೋಡ. ಪಟಪಟ ಮಾತಾಡ್ಕೋತ ಕೂತಾವ್ರು ರಿವರ್ಸ್ ಅಂದ ಕೂಡ್ಲೆ ಉಸುರ ಬಿಡೂದಿಲ್ಲ. ಪಾಪ. ಮಂದೀಗಿ ಹೇಳಬ್ಯಾಡ, ಗಂಡಸು, ನಾಚಗೋತಾರ’ ಅಂತ. ಅದಕ್ಕ ನೀವು ಕೂತಾಗ ಹಿಂದ ಸಾವಕಾಶ ಒಯ್ತಿದ್ಲು. ನನ್ನ ಕೂಡ ಇದ್ದಾಗ ಝುಮ್ ಅಂತ ಒಯ್ತಿದ್ಲ್ ತಗೋರಿ.”

ನಾನೂ ನಕ್ಕೆ. ಆಮೇಲೆ ಯಾರು ಮೊದಲು ಅತ್ತದ್ದು ಎಂದು ಗೊತ್ತಿಲ್ಲ. ಗಲ್ಲಿಯ ತುದಿಯಲ್ಲಿ ಯಾರೋ ಹಾಲಿನ ಪಾಕೀಟು ಹಿಡಿದುಕೊಂಡು, ನಾವು ದಾರಿ ಬಿಡಲೆಂದು ಕಾಯುತ್ತ ನಿಂತಿದ್ದರು. ನಮ್ಮ ಮುಖ ನೋಡಿ ಗೋಡೆಗೆ ಉಜ್ಜಿಕೊಂಡು ಪಕ್ಕದಿಂದಲೇ ದಾಟಿಹೋದರು.

“ಈಗ ಹಾಕ್ರಿ” ಎಂದಳು ಮೂಗು ಒರೆಸಿಕೊಂಡು. “ಕ್ಲಚ್ ಪೂರಾ ಒತ್ರಿ. ಸುಮ್ಕ ಕೂಡ್ರಿ.”

ಕ್ಲಚ್ ಒತ್ತಿದೆ. ಸುಮ್ಮನೆ ಕೂತೆ. ಇಂಜಿನ್ ಗುರುಗುಟ್ಟುತ್ತಿತ್ತು. ಕಾರು ಅಲುಗದೆ ನಿಂತಿತ್ತು, ಹೊರಗಿನವರ ಕಣ್ಣಿಗೆ ಅಲ್ಲಿ ಏನೂ ತಿರುಗುತ್ತಿರಲಿಲ್ಲ. ನನ್ನ ಪಾದದ ಆಚೆ, ಎಣ್ಣೆಯ ಕತ್ತಲಲ್ಲಿ, ಒಂದು ಚಕ್ರ ತನ್ನ ಪಾಡಿಗೆ ತಿರುಗುತ್ತಿದೆ ಎಂದು ಊಹಿಸಿಕೊಂಡೆ. ಅದು ನಿಧಾನವಾಗುವುದನ್ನು ಕಾದೆ. ಮಂಜಿನಲ್ಲಿ ಎಲ್ಲೋ ರೈಲು ಕೂಗಿತು. ಗೇರು ತಳ್ಳಿದೆ.

ಸದ್ದಿಲ್ಲದೆ ಬಿತ್ತು.

ಮತ್ತೆ ತೆಗೆದೆ, ಮತ್ತೆ ಕಾದೆ, ಮತ್ತೆ ಹಾಕಿದೆ. ಸದ್ದಿಲ್ಲ. ಕಾಯದೆ ಹಾಕಿದೆ. ಕರ್ರ್. ಕಾದು ಹಾಕಿದೆ. ಇಲ್ಲ. ನಾದಿನಿ, “ಸಾಕು ಬಿಡ್ರಿ, ಇನ್ನ ಖರೇನ ಹಲ್ಲ್ ಕೀಳ್ತೀರಿ” ಎನ್ನುವ ತನಕ ಮಾಡಿದೆ.

ಅಲ್ಲಿಂದ ನೇರ ಶಿಳ್ ಫಾಟಾಕ್ಕೆ ಹೋದೆ. ಭಾನುವಾರವಾದರೂ ಮೇಸ್ತ್ರಿ ಇದ್ದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ರೀತಿ ಮಾಡಿ ತೋರಿಸಿದೆ. ಅವನು ಹಣೆ ತಟ್ಟಿಕೊಂಡ.

“ಯಾ ಅಲ್ಲಾ. ನಾ ಗಾಡಿ ನೋಡ್ದೆ, ನಿಮ್ಮ ಕೈ ನೋಡ್ಲಿಲ್ಲ. ನನಗ ಕಾದು ಹಾಕೂದು ರೂಢಿ ಅದ, ನಾ ಕಾಯ್ತೀನಿ ಅಂಬೋದೇ ನನಗ ಗೊತ್ತಿಲ್ಲ.” ಆಮೇಲೆ ವಿವರಿಸಿದ. ಮುಂದಿನ ಗೇರುಗಳಿಗೆ ಒಳಗೆ ಹಿತ್ತಾಳೆಯ ಒಂದೊಂದು ಬಳೆ ಇರುತ್ತದೆ, ತಿರುಗುವುದನ್ನು ಅದೇ ಹಿಡಿದು ಸಮ ಮಾಡಿ ಒಳಗೆ ಬಿಡುತ್ತದೆ. ಈ ಗಾಡಿಯ ರಿವರ್ಸಿಗೆ ಆ ಬಳೆ ಇಲ್ಲ. “ಪಂಖಾ ಬಂದ್ ಮಾಡಿದ್ರ ರೆಕ್ಕಿ ಒಮ್ಮಿಗೇ ನಿಂದರ್ತಾವೇನು? ತಿರಗೋ ರೆಕ್ಕಿಗಿ ಕೈ ಹಾಕಿದ್ರ ಏನಾಗ್ತದ? ಹಂಗೇ ಇದು.”

“ಹಾಗಾದರೆ ಹಲ್ಲು?”

“ಹಲ್ಲ್ ಹೋಗಿದ್ರ, ಗೇರಿನಾಗ ಹಾಕಿ ಎಳೆಸಿದಾಗ ಗೇರು ಜಿಗದು ಹೊರಗ ಬರ್ತದ. ನೋಡೂಣ.” ಏರು ಇದ್ದ ಕಡೆ ಹಿಂದಕ್ಕೆ ಹತ್ತಿಸಿ ನೋಡಿದ. ಗೇರು ಗಟ್ಟಿಯಾಗಿ ಕೂತಿತು, ಜಾರಲಿಲ್ಲ. “ಅಂಚು ಒಂದೀಟು ತಿಕ್ಕಿದ್ದೀರಿ, ಅಷ್ಟೇ. ಹೋಗ್ಲಿ. ನಡೀತದ. ನನ್ನ ದೋಸ್ತಿಗಿ ಬ್ಯಾಡಂತ ಹೇಳ್ತೀನಿ.” ಕೈ ಒರೆಸಿಕೊಳ್ಳುತ್ತ, “ಭಾಬಿ ಭಾಳ ಛಲೋ ಓಡಸ್ತಿದ್ರು” ಎಂದ. ಅದೊಂದು ಮಾತನ್ನು ಅವನು ಮೊದಲ ದಿನದಿಂದ ಹೇಳಲು ಕಾಯುತ್ತಿದ್ದನೇನೋ.

ಮನೆಗೆ ಬಂದು, ಸಂದಿನಲ್ಲಿದ್ದ ಸ್ಕೂಟರುಗಳನ್ನು ತೆಗೆಸಿ, ಕಾರನ್ನು ಹಿಂದಕ್ಕೆ ಒಳಗೆ ತಂದೆ. ಕೀಲಿ ತಿರುಗಿಸಿದ ಮೇಲೂ ಇಳಿಯಲಿಲ್ಲ.

ಈಗ ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಐರೋಲಿಗೆ ಹೋಗುತ್ತೇನೆ, ಕೆಲವೊಮ್ಮೆ ಖಾರ್ಘರದ ತನಕ. ಕೊಡಲು ರೊಟ್ಟಿ ಇರುವುದಿಲ್ಲ, ಆದರೂ ಅವಳ ದಾರಿಯಲ್ಲೇ ಹೋಗಿ ಬರುತ್ತೇನೆ. ಹಿಂದೆ ಬರುವಾಗ ಕಾಯುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ನಮ್ಮಿಬ್ಬರನ್ನೂ ನೋಡುತ್ತೇನೆ. ಅವಳು ಕಣ್ಣಿಗೆ ಕಾಣದ ಚಕ್ರವೊಂದು ನಿಲ್ಲಲಿ ಎಂದು ಕಾಯುತ್ತಿರುವಳು. ನಾನು ಅವಳು ಹೇಳಿದಳೆಂದು ಬಾಯಿ ಮುಚ್ಚಿಕೊಂಡು ಕೂತಿರುವೆ. ಪಕ್ಕದಲ್ಲಿರುವವನಿಗೆ ಹೆದರಿಕೆ, ಪಾಪ, ಎಂದು ಅವಳು ಕಾರನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಹಿಂದಕ್ಕೆ ತರುವಳು. ಅವಳಿಗೆ ನನ್ನ ಮೇಲೆ ಅಷ್ಟು ಕನಿಕರವಿತ್ತು ಎಂದು ನನಗೆ ತಿಳಿದಿರಲಿಲ್ಲ.

ನನಗೆ ಹೆದರಿಕೆ ಇರಲಿಲ್ಲ. ಅದನ್ನು ಅವಳಿಗೆ ಹೇಳಬೇಕು. ಅವಳು ಇಲ್ಲ.